ಬಿಳಿ ಅಂಚಿನ ಕಪ್ಪು ತ್ರಿಕೋನ

ಬೆಂಗಳೂರಿನ ಹೊಸೂರು ರಸ್ತೆಯ ಹಾರ್ನು ನಿಮ್ಹಾನ್ಸ್ ಆಸ್ಪತ್ರೆಯ ಗೇಟು ದಾಟಿದ ಮೇಲೂ ಸ್ವಲ್ಪ ದೂರ ಬೆನ್ನಿಗೇ ಬರುತ್ತದೆ. ಕ್ಯಾಶುವಾಲ್ಟಿ ಮುಂದೆ ಆಂಬುಲೆನ್ಸಿನಿಂದ ಇಳಿಸಿದ್ದು ಹದಿನಾಲ್ಕು ದಿನದ ಬಾಣಂತಿಯನ್ನು. ಕಿವಿ ಮುಚ್ಚುವಂತೆ ಕಟ್ಟಿದ ಬಟ್ಟೆ, ಕೂದಲಲ್ಲಿ ಇನ್ನೂ ಸಾಂಬ್ರಾಣಿ ವಾಸನೆ. ನಾಲ್ಕು ದಿನದಿಂದ ತಲೆನೋವು. ನಿದ್ದೆಗೆಟ್ಟದ್ದಕ್ಕೆ ಎಂದು ಊರ ಕ್ಲಿನಿಕ್ಕಿನಲ್ಲಿ ಮಾತ್ರೆ ಕೊಟ್ಟಿದ್ದರಂತೆ. ಬೆಳಿಗ್ಗೆ ಫಿಟ್ಸ್ ಬಂದಿದೆ.

"ನೀರು ಎಷ್ಟು ಕುಡೀತಿದ್ಲಮ್ಮಾ?" ವೈದ್ಯೆ ಕೇಳಿದರು.

"ಬಾಣಂತಿಗೆ ನೀರು ಜಾಸ್ತಿ ಕೊಡಬಾರದಲ್ವಾ ಮೇಡಂ? ದಿನಕ್ಕೆರಡು ಲೋಟ, ಅದೂ ಕಾಯಿಸಿ," ಅಂದರು ತಾಯಿ. ಆಕೆಯನ್ನು ಬೈಯಲು ಮನಸ್ಸಾಗಲಿಲ್ಲ. ತಮಗೆ ಮಾಡಿದ್ದನ್ನೇ ಮಗಳಿಗೂ ಮಾಡಿದ್ದಾರೆ.

ಹೆರಿಗೆಯಲ್ಲಿ ರಕ್ತ ಹರಿದುಹೋಗದಿರಲೆಂದು ದೇಹ ರಕ್ತವನ್ನು ಬೇಗ ಹೆಪ್ಪುಗಟ್ಟುವಂತೆ ಮಾಡಿಕೊಂಡಿರುತ್ತದೆ. ಕೆಲವು ವಾರ ಅದು ಹಾಗೇ ಉಳಿಯುತ್ತದೆ. ಅದರ ಮೇಲೆ ಮೈಯಲ್ಲಿ ನೀರೂ ಬತ್ತಿದರೆ, ಮೆದುಳಿನ ರಕ್ತವನ್ನು ಕೆಳಗಿಳಿಸುವ ನೆತ್ತಿಯ ದೊಡ್ಡ ಅಭಿಧಮನಿ ಕಟ್ಟಿಕೊಳ್ಳಬಹುದು. ಬಸಿಗಾಲುವೆ ಕಟ್ಟಿದರೆ ಗದ್ದೆಯಲ್ಲಿ ನೀರು ನಿಲ್ಲುವುದಿಲ್ಲವೇ? ಹಾಗೆ ಮೆದುಳು ಊದುತ್ತದೆ, ಕೆಲವೊಮ್ಮೆ ಒಳಗೇ ರಕ್ತ ಒಸರುತ್ತದೆ. ಹೀಗೆಯೇ ರಕ್ತ ಹೆಪ್ಪುಗಟ್ಟಿಸಬಲ್ಲ, ಹಬ್ಬಕ್ಕೆಂದು ಮುಟ್ಟು ಮುಂದೂಡುವ ಮಾತ್ರೆಯನ್ನು ವೈದ್ಯರನ್ನು ಕೇಳದೆ ನುಂಗುವವರೂ ಇದನ್ನು ನೆನಪಿಡಬೇಕು.

ಡೈ ಕೊಟ್ಟು ತೆಗೆದ ಸಿಟಿ ಪರದೆಗೆ ಬಂತು. ತಲೆಯ ಹಿಂಬದಿಯಲ್ಲಿ ಪುಟ್ಟ ತ್ರಿಕೋನ. ಅಂಚು ಬೆಳ್ಳಗೆ, ನಡುವೆ ಕಪ್ಪು. "ಡೈ ಸುತ್ತಲೂ ಹೋಗಿದೆ, ಒಳಗೆ ಹೋಗಿಲ್ಲ. ಅಲ್ಲಿರೋದೇ ಹೆಪ್ಪು," ವೈದ್ಯೆ ಪೆನ್ನಿನ ತುದಿಯಿಂದ ತೋರಿಸಿದರು. ಎಷ್ಟೋ ಸಲ ಬರಿಯ ಸಿಟಿಯಲ್ಲಿ ಏನೂ ಕಾಣುವುದಿಲ್ಲ. ಅನುಮಾನವಿದ್ದರೆ ಅಭಿಧಮನಿಗಳನ್ನೇ ತೋರಿಸುವ ಎಂಆರ್ ಅಥವಾ ಸಿಟಿ ವೆನೋಗ್ರಾಮ್ ಮಾಡಿಸಲೇಬೇಕು.

ರಕ್ತ ಒಸರಿದ ಮೆದುಳಿಗೆ ರಕ್ತ ತೆಳುಮಾಡುವ ಹೆಪಾರಿನ್ ಕೊಡುವುದೇ? ನನಗೂ ಗಾಬರಿಯಾಯಿತು. ಕಾಲುವೆ ಬಿಟ್ಟುಕೊಂಡರೇ ಒಸರು ನಿಲ್ಲುವುದು. 1991ರಲ್ಲಿ ಜರ್ಮನಿಯ ವೈದ್ಯರು 20 ರೋಗಿಗಳಲ್ಲಿ ಹೆಪಾರಿನ್‌ನಿಂದ ಲಾಭವಾಗುವುದನ್ನು ತೋರಿಸಿದರು, 1999ರಲ್ಲಿ ಡಾ. ಡಿ. ನಾಗರಾಜ ಮತ್ತು ಸಂಗಡಿಗರು ಇದೇ ನಿಮ್ಹಾನ್ಸ್‌ನ ಬಾಣಂತಿಯರಲ್ಲಿ ಕಡಿಮೆ ಪ್ರಮಾಣದ ಹೆಪಾರಿನ್‌ನಿಂದಾದ ಲಾಭವನ್ನು ಪ್ರಕಟಿಸಿದರು. ಊತ ಮೀರಿದರೆ ತಲೆಬುರುಡೆಯ ತುಂಡೊಂದನ್ನು ತೆಗೆದು ಮೆದುಳಿಗೆ ಜಾಗ ಮಾಡಿಕೊಡುತ್ತಾರೆ.

ಮೇಲಿನ ವಾರ್ಡಿನಲ್ಲಿ ಇದೇ ಕಾಯಿಲೆಯ ಇನ್ನೊಬ್ಬ ಬಾಣಂತಿ ಎದ್ದು ಕೂತಿದ್ದಳು. ನರ್ಸ್ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಹೆಪಾರಿನ್‌ನ ಸಣ್ಣ ಸೂಜಿ ಚುಚ್ಚಿದರು. ಸುತ್ತ ಹಳೆಯ ನೀಲಿ ಗುರುತುಗಳು. ಇನ್ನು ತಿಂಗಳುಗಟ್ಟಲೆ ಮಾತ್ರೆ, ರಕ್ತ ಎಷ್ಟು ತೆಳುವಾಗಿದೆಯೆಂದು ನೋಡಲು ಆಗಾಗ ಐಎನ್‌ಆರ್ ಪರೀಕ್ಷೆ.

"ಈ ಚೀಟಿ ಕಳೀಬೇಡಿ ಅಣ್ಣಾ," ಎಂದು ನರ್ಸ್ ಗಂಡನ ಕೈಗಿತ್ತರು. "ಮುಂದಿನ ಸಲ ಬಸುರಿ ಅಂತ ಗೊತ್ತಾದ ದಿನಾನೇ ಡಾಕ್ಟ್ರಿಗೆ ತೋರಿಸ್ಬೇಕು."

ಅವನು ಅದನ್ನು ತಾಯಿಕಾರ್ಡಿನೊಳಗೆ ಮಡಿಚಿಟ್ಟು, ಹೆಂಡತಿಗೆ ಲೋಟದ ತುಂಬ ನೀರು ಬಗ್ಗಿಸಿದ.