ಬೀಜದ ಟಗರಿಗೂ ರಕ್ತಪರೀಕ್ಷೆ ಬೇಕು

ಹನುಮಸಾಗರದ ಸುತ್ತಲಿನ ಮಸಾರಿ ನೆಲದಲ್ಲಿ ಮಳೆ ಕೈಕೊಟ್ಟ ವರ್ಷ ಎಷ್ಟೋ ಮನೆಗಳನ್ನು ನಡೆಸುವುದು ಕುರಿ. ಕೊಪ್ಪಳ, ರಾಯಚೂರು ಸೀಮೆಯ ಕೆಂಗುರಿ ಟಗರಿಗೆ ಕಾಳಗದ ಕಣದಲ್ಲೂ ಹೆಸರಿದೆ. ಬೀಜಕ್ಕೆಂದು ಟಗರು ಕೊಳ್ಳುವಾಗ ಅದರ ಮೈಕಟ್ಟು, ಬಣ್ಣ, ನಡಿಗೆ ಎಲ್ಲವನ್ನೂ ಅಳೆದು ತೂಗುತ್ತಾರೆ. ಮುಂದೆ ಮಂದೆಯಲ್ಲಿ ಗಬ್ಬ ನಿಲ್ಲದೆ ಹೋದಾಗ, ಕುರಿಗಳು ಕಂದು ಹಾಕತೊಡಗಿದಾಗ ಮಾತ್ರ ಅನುಮಾನ ಹೆಣ್ಣಿನ ಮೇಲೆ, ಮೇವಿನ ಮೇಲೆ, ನೀರಿನ ಮೇಲೆ ಹೋಗುತ್ತದೆ. ಟಗರಿನ ರಕ್ತ ನೋಡಿಸುವ ಮಾತೇ ಬರುವುದಿಲ್ಲ. ಒಂದು ಟಗರು ಇಪ್ಪತ್ತೈದು ಮೂವತ್ತು ಕುರಿಗಳಿಗೆ ಹಾರುವಾಗ, ಪರೀಕ್ಷೆ ಅಲ್ಲಿಂದಲೇ ಶುರುವಾಗಬೇಕು ಎಂಬುದು ನನ್ನ ವಾದ.

ಕಂದು ಹಾಕಿಸುವ ರೋಗಗಳಲ್ಲಿ ಬ್ರುಸೆಲ್ಲೋಸಿಸ್ ಮುಖ್ಯವಾದದ್ದು. ಕುರಿ ಮೇಕೆಗಳಿಗೆ ಅದನ್ನು ತರುವ ಬ್ರುಸೆಲ್ಲಾ ಮೆಲಿಟೆನ್ಸಿಸ್ ಎಂಬ ಬ್ಯಾಕ್ಟೀರಿಯಾವನ್ನು ಡೇವಿಡ್ ಬ್ರೂಸ್ 1887ರಲ್ಲಿ ಮಾಲ್ಟಾ ದ್ವೀಪದಲ್ಲಿ, ಜ್ವರದಿಂದ ಸತ್ತ ಸೈನಿಕರ ಗುಲ್ಮದಿಂದ ಬೇರ್ಪಡಿಸಿದರು. ಅದು ಮೇಕೆಯ ಹಾಲಿನಿಂದ ಮನುಷ್ಯರಿಗೆ ಬರುತ್ತದೆಂದು 1905ರಲ್ಲಿ ಗೊತ್ತಾಯಿತು. ಗಂಡಿನಲ್ಲಿ ಈ ಜೀವಿ ವೃಷಣದಲ್ಲೂ, ಅದಕ್ಕೆ ಅಂಟಿಕೊಂಡ ಸುರುಳಿ ನಾಳದಲ್ಲೂ ನೆಲೆಸುತ್ತದೆ. ವೀರ್ಯಾಣು ಬಲಿಯುವುದು ಆ ನಾಳದಲ್ಲೇ. ಅಲ್ಲಿ ಉರಿಯೂತವಾದರೆ ದಾರಿ ಕಟ್ಟಿಕೊಳ್ಳುತ್ತದೆ, ವೀರ್ಯ ಕೆಡುತ್ತದೆ, ಅದರೊಂದಿಗೆ ಬ್ಯಾಕ್ಟೀರಿಯಾವೂ ಹೊರಬೀಳುತ್ತದೆ. ಬೀಜ ಊದಿದ್ದರೆ ಕೈಗೆ ಸಿಗುತ್ತದಲ್ಲ ಎನ್ನಬಹುದು. ಆದರೆ ಸೋಂಕಿದ್ದೂ ಊತವಿಲ್ಲದ ಟಗರುಗಳು ಬೇಕಾದಷ್ಟಿರುತ್ತವೆ. ಗಂಡಿನ ಆರೋಗ್ಯವನ್ನು ಕಣ್ಣಳತೆಯಲ್ಲಿ ನಂಬಿದರೆ ಏನಾಗುತ್ತದೆಂಬುದಕ್ಕೆ ಕುದುರೆ ಸಾಕಣೆಯಲ್ಲಿ ದೊಡ್ಡ ಸಾಕ್ಷಿಯಿದೆ. 1977ರಲ್ಲಿ ಇಂಗ್ಲೆಂಡಿನ ನ್ಯೂಮಾರ್ಕೆಟ್‌ನಲ್ಲಿ ಹೆಣ್ಣು ಕುದುರೆಗಳಿಗೆ ಗರ್ಭಕೋಶದ ಸೋಂಕು ಹಬ್ಬಿತು. ಕಾರಣವಾದ ಬ್ಯಾಕ್ಟೀರಿಯಾಕ್ಕೆ ಈಗ ಟೇಲರೆಲ್ಲಾ ಎಂಬ ಹೆಸರು. ಅದನ್ನು ಹೊತ್ತ ಗಂಡು ಕುದುರೆಗೆ ಜ್ವರವಿಲ್ಲ, ನೋವಿಲ್ಲ. ಜೀವಿ ಶಿಶ್ನದ ಚರ್ಮದ ಮಡಿಕೆಗಳಲ್ಲಿ ಸುಮ್ಮನೆ ಕೂತಿರುತ್ತದೆ. ಮರುವರ್ಷ ಅದು ಅಮೆರಿಕದ ಕೆಂಟಕಿಯಲ್ಲೂ ಕಾಣಿಸಿಕೊಂಡಿತು.

ಟಗರಿನ ಮೇಲೆ ಇಷ್ಟು ಗಮನವೇಕೆ, ಬ್ರುಸೆಲ್ಲಾ ಹೆಚ್ಚು ಹಬ್ಬುವುದು ಕಂದು ಹಾಕಿದಾಗ ಬೀಳುವ ಮಾಸ ಮತ್ತು ಸ್ರಾವದಿಂದಲ್ಲವೇ ಎಂದು ತಿಳಿದವರು ಕೇಳುತ್ತಾರೆ. ಮಾತು ನಿಜ. ಆದ್ದರಿಂದ ಟಗರನ್ನು ನೋಡಿದರಷ್ಟೇ ಸಾಲದು. ಮಾಸವನ್ನು ಆಳವಾಗಿ ಹೂಳಬೇಕು, ಬರಿಗೈಯಲ್ಲಿ ಹೆರಿಗೆ ಮಾಡಿಸಬಾರದು, ಹಾಲನ್ನು ಕಾಯಿಸದೆ ಕುಡಿಯಬಾರದು. ಕುರಿಗಾರರಿಗೆ ಬಂದರೆ ಬಿಟ್ಟು ಬಿಟ್ಟು ಜ್ವರ, ಕೀಲುನೋವು, ಗಂಡಸರಲ್ಲಿ ವೃಷಣದ ಊತವೂ ಆಗುವ ರೋಗವಿದು. ಆದರೆ ರೋಗವಿಲ್ಲದ ಮಂದೆಗೆ ಅದು ಮೊದಲು ಕಾಲಿಡುವುದು ಹೊರಗಿನಿಂದ ಬಂದ ಜೀವದೊಡನೆ, ಮತ್ತು ಸಂತೆಯಲ್ಲಿ ಕೊಂಡ, ನೆಂಟರಿಂದ ಕೇಳಿ ತಂದ ಟಗರು ಹಾಗೆ ಬರುವವುಗಳಲ್ಲಿ ಮೊದಲನೆಯದು. ಚುಚ್ಚುಮದ್ದು ಕೊಟ್ಟು ವಾಸಿ ಮಾಡಬಾರದೇ ಎಂದರೆ, ಬ್ರುಸೆಲ್ಲಾ ಜೀವಕೋಶದ ಒಳಗೇ ಅಡಗುವುದರಿಂದ ಪ್ರಾಣಿಗಳಲ್ಲಿ ಔಷಧವನ್ನು ನೆಚ್ಚುವಂತಿಲ್ಲ. ಸೋಂಕಿನ ಟಗರನ್ನು ತೆಗೆಯಲೇಬೇಕು. ಬಡ ಕುರಿಗಾರನಿಗೆ ಅದು ಭಾರಿ ನಷ್ಟ, ಅದನ್ನು ಅಲ್ಲಗಳೆಯಲಾರೆ. ಆದರೆ ಅದನ್ನೇ ಇನ್ನೊಬ್ಬರಿಗೆ ಬೀಜಕ್ಕೆಂದು ಮಾರಿದರೆ ಆ ನಷ್ಟ ಪಕ್ಕದ ಊರಿನ ಹಟ್ಟಿಗೆ ಹೋಗುತ್ತದೆ. ಇಂಥಲ್ಲಿ ಸರ್ಕಾರ ಪರಿಹಾರ ಕೊಡುವುದೇ ನ್ಯಾಯ.

ಹೆಸರಘಟ್ಟದ ಕೇಂದ್ರೀಯ ಘನೀಕೃತ ವೀರ್ಯ ಕೇಂದ್ರದಂಥ ಕಡೆ ಹೋರಿಗಳಿಗೆ ಬ್ರುಸೆಲ್ಲೋಸಿಸ್, ಕ್ಷಯ ಮೊದಲಾದ ರೋಗಗಳ ಪರೀಕ್ಷೆ ಕಡ್ಡಾಯ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಬ್ರುಸೆಲ್ಲಾ ಲಸಿಕೆ ಸಿಗುವುದು 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ, ಎಮ್ಮೆಯ ಹೆಣ್ಣು ಕರುಗಳಿಗೆ. ಮಂದೆಯ ಟಗರಿಗೆ ಇವೆರಡರ ಆಸರೆಯೂ ಇಲ್ಲ. ಆದರೆ ರೋಸ್ ಬೆಂಗಾಲ್ ಪರೀಕ್ಷೆಗೆ ಒಂದು ಹನಿ ಸೀರಮ್ ಸಾಕು, ಉತ್ತರ ಕೆಲವೇ ನಿಮಿಷಗಳಲ್ಲಿ ಬರುತ್ತದೆ. ಅನುಮಾನ ಉಳಿದರೆ ಎಲಿಸಾ ಪರೀಕ್ಷೆಯಿದೆ. ಹೊಸ ಟಗರನ್ನು ಮಂದೆಗೆ ಬಿಡುವ ಮುನ್ನ ಬೇರೆ ಕಟ್ಟಿ, ಪಶುವೈದ್ಯರಿಂದ ಅದರ ರಕ್ತ ಪರೀಕ್ಷೆ ಮಾಡಿಸಿ.