ಹಾಲೆಂಡಿನ ಹಳ್ಳಿಗಳಲ್ಲಿ ಬ್ಯಾಟರಿ ಸೈಕಲ್ ತುಳಿದು ಬಂದಮೇಲೆ ನನ್ನ ಸವಳು ಹೊಲ

ಹಾಲೆಂಡಿಗೆ ಹೋಗಿ ಬಂದೆ ಅಂದ ಕೂಡಲೇ ಊರಲ್ಲಿ ಎಲ್ಲರೂ ಕೇಳಿದ್ದು ಒಂದೇ: "ಟುಲಿಪ್ ಹೂವಿನ ಹೊಲ ನೋಡಿದೇನು?" ನೋಡಲಿಲ್ಲ. ನಾನು ಹೋಗಿದ್ದು ಮೇ ಕೊನೆಗೆ, ಅಷ್ಟರಲ್ಲಿ ಹೂವಿನ ಸೀಸನ್ ಮುಗಿದಿತ್ತು. ನಾನು ನೋಡಿದ್ದು ಬಸಿಗಾಲುವೆ. ಇಷ್ಟು ದುಡ್ಡು ಖರ್ಚು ಮಾಡಿ ಚರಂಡಿ ನೋಡಿ ಬಂದೆಯಾ ಅಂತ ಅಪ್ಪ ಇವತ್ತಿಗೂ ನಗುತ್ತಾರೆ. ಆದರೆ ಆ ಚರಂಡಿ ನೋಡಿದ ಮೇಲೇ ನನ್ನ ಪಪ್ಪಾಯಿ ಯಾಕೆ ಸತ್ತಿತು ಅಂತ ನನಗೆ ಗೊತ್ತಾಗಿದ್ದು.

ಮೊದಲು ಆ ಕಥೆ ಹೇಳುತ್ತೇನೆ. ನಮ್ಮ ಹೊಲ ಇರುವುದು ಸುರಪುರ ತಾಲ್ಲೂಕಿನ ಬೋನಾಳ ಕೆರೆಯ ಕಡೆ. ಎರೆಮಣ್ಣು, ನಾರಾಯಣಪುರ ಎಡದಂಡೆ ಕಾಲುವೆಯ ನೀರು. ತೋಟಗಾರಿಕೆ ಓದಿ ಬಂದವನು ನಾನು, ಭತ್ತ ಬಿಟ್ಟು ಸಾವಯವದಲ್ಲಿ ಹಣ್ಣು-ತರಕಾರಿ ಮಾಡುತ್ತೇನೆ ಅಂತ ಮನೆಯಲ್ಲಿ ಜಗಳ ಮಾಡಿ 3 ಎಕರೆ ತೆಗೆದುಕೊಂಡೆ. ಮೇಲಿನ ಎರಡು ಎಕರೆ ಚೆನ್ನಾಗಿ ಬಂತು. ಕೆಳಗಿನ ಒಂದು ಎಕರೆಯಲ್ಲಿ ಹಾಕಿದ ಪಪ್ಪಾಯಿ ಆರನೇ ತಿಂಗಳಿಗೆ ಎಲೆ ಅಂಚು ಸುಟ್ಟುಕೊಂಡು, ಹಳದಿಯಾಗಿ, ಒಂದೊಂದೇ ಒರಗಿತು. ನಾನು ಬೇರುಕೊಳೆ ಅಂದುಕೊಂಡೆ. ಟ್ರೈಕೋಡರ್ಮ ಹಾಕಿದೆ, ಜೀವಾಮೃತ ಹಾಕಿದೆ, ಬೇವಿನ ಹಿಂಡಿ ಹಾಕಿದೆ. ಗಿಡ ಬಾಡಿದೆ ಅಂತ ಇನ್ನೂ ಎರಡು ನೀರು ಜಾಸ್ತಿ ಕೊಟ್ಟೆ. ಮಾಡಬಾರದ ಕೆಲಸ ಅದೇ. ಬೇಸಿಗೆಯಲ್ಲಿ ಕಾಲುವೆ ಬಂದ್ ಆದಮೇಲೆ ನೋಡಿದರೆ ಸಾಲಿನ ನಡುವೆ ನೆಲ ಬೆಳ್ಳಗೆ, ರಂಗೋಲಿ ಪುಡಿ ಉದುರಿಸಿದ ಹಾಗೆ.

"ಸವಳು ಹತ್ಯಾದ ತಮ್ಮಾ," ಅಂದರು ಅಪ್ಪ. "ಓದಿದಾಂವ ನೀನು, ಇಷ್ಟ್ ಗೊತ್ತಾಗಲಿಲ್ಲೇನು?"

ಗೊತ್ತಿತ್ತು, ಪುಸ್ತಕದಲ್ಲಿ. ಪರೀಕ್ಷೆಗೆ ಬರೆದೂ ಇದ್ದೆ.

ಆ ಬೇಜಾರಿನಲ್ಲೇ ಇದ್ದಾಗ ಕಾಲೇಜಿನ ಗೆಳೆಯನೊಬ್ಬ ಕರೆದ. ಅವನು ಹಾಲೆಂಡಿನ ವಾಗೆನಿಂಗನ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾನೆ. ಟಿಕೆಟ್ ದುಡ್ಡು ಜೋಡಿಸಿಕೊಂಡು ಬಾ, ಉಳಿಯುವುದು ಊಟ ನನ್ನ ಕಡೆ ಅಂದ. ಹೋದೆ. ಅಲ್ಲಿನ ಗಾಜಿನ ಮನೆಗಳನ್ನು ನೋಡುವ ಆಸೆಯಿತ್ತು, ನೋಡಿದೆ. ಅದರ ಬಗ್ಗೆ ಯೂಟ್ಯೂಬ್‌ನಲ್ಲಿ ಬೇಕಾದಷ್ಟಿದೆ, ನಾನು ಹೇಳುವುದಿಲ್ಲ. ಅಲ್ಲಿ ಹಾಕಿದ ಬಂಡವಾಳದಲ್ಲಿ ನಮ್ಮ ಹಳ್ಳಿಯನ್ನೇ ಕೊಳ್ಳಬಹುದು.

ನನಗೆ ಉಪಯೋಗಕ್ಕೆ ಬಂದಿದ್ದು ಒಂದು ಭಾನುವಾರದ ಸೈಕಲ್ ಸವಾರಿ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಇಬ್ಬರೂ ಬ್ಯಾಟರಿ ಸೈಕಲ್ ಬಾಡಿಗೆಗೆ ತೆಗೆದುಕೊಂಡೆವು, ಒಂದಕ್ಕೆ ದಿನಕ್ಕೆ 30 ಯೂರೋ. ನಮ್ಮ ಲೆಕ್ಕದಲ್ಲಿ ಮೂರು ಸಾವಿರ ರೂಪಾಯಿ ಹತ್ತಿರ. ಎದೆ ಧಸಕ್ಕೆಂದಿತು, ನಿಜ. ಇದು ನಮ್ಮ ಬ್ಯಾಟರಿ ಸ್ಕೂಟರ್ ತರಹ ಅಲ್ಲ. ಪೆಡಲ್ ತುಳಿದರೆ ಮಾತ್ರ ಮೋಟರ್ ಕೈ ಕೊಡುತ್ತದೆ, ಬಿಟ್ಟರೆ ಇಲ್ಲ. ಗಂಟೆಗೆ 25 ಕಿಲೋಮೀಟರ್ ದಾಟಿದರೆ ಸಹಾಯ ತಾನೇ ನಿಲ್ಲುತ್ತದೆ. ಅದಕ್ಕೇ ಲೈಸೆನ್ಸ್ ಕೇಳುವುದಿಲ್ಲ. ರೈಲ್ವೆ ಸ್ಟೇಷನ್ನಿನ ಹಿಂದೆಯೇ ದೋಣಿ, ಸೈಕಲ್ ಸಮೇತ ಪುಕ್ಕಟೆ ದಾಟಿಸುತ್ತಾರೆ. ಆಚೆ ದಡಕ್ಕಿಳಿದು ಇಪ್ಪತ್ತು ನಿಮಿಷ ತುಳಿದರೆ ಪಟ್ಟಣ ಮುಗಿದು ಹಳ್ಳಿ. ಆ ಸೀಮೆಯ ಹೆಸರೇ ವಾಟರ್‌ಲ್ಯಾಂಡ್.

ದಾರಿ ಕೇಳುವ ಗೋಜಿಲ್ಲ. ಸೈಕಲ್ ದಾರಿ ಕೂಡುವ ಕಡೆಯೆಲ್ಲ ಒಂದೊಂದು ನಂಬರಿನ ಬೋರ್ಡು. ಯಾವ ನಂಬರಿನಿಂದ ಯಾವ ನಂಬರಿಗೆ ಅಂತ ಚೀಟಿಯಲ್ಲಿ ಬರೆದುಕೊಂಡರೆ ಸಾಕು, ಮೊಬೈಲ್ ಕಿಸೆಯಲ್ಲೇ ಇರಬಹುದು.

ಡರ್ಗರ್‌ಡ್ಯಾಮ್ ಅಂತ ಒಂದು ಹಳೇ ಮೀನುಗಾರರ ಊರು, ಒಡ್ಡಿನ ಮೇಲೆ ಒಂದೇ ಸಾಲು ಮನೆ. ಅಲ್ಲಿಂದ ಮುಂದೆ ಒಡ್ಡಿನ ಪಕ್ಕದಲ್ಲೇ ದಾರಿ. ಬಲಗಡೆ ಕಣ್ಣು ಹಾಯುವಷ್ಟು ನೀರು. ಎಡಗಡೆ ಹುಲ್ಲುಗಾವಲು, ಅದು ನೀರಿಗಿಂತ ಕೆಳಗೆ. ಬೋನಾಳ ಕೆರೆ ಏರಿ ಮೇಲೆ ನಿಂತವರಿಗೆ ಈ ನೋಟ ಹೊಸದಲ್ಲ, ಒಂದು ಕಡೆ ಕೆರೆ, ಇನ್ನೊಂದು ಕಡೆ ತಗ್ಗಿನಲ್ಲಿ ಗದ್ದೆ. ನಮ್ಮ ಕೆರೆಯನ್ನು ಸುರಪುರದ ರಾಜ ಪಾಮನಾಯಕ ಕಟ್ಟಿಸಿದ, ಹತ್ತೊಂಬತ್ತನೇ ಶತಮಾನದಲ್ಲಿ ಮೆಡೋಸ್ ಟೇಲರ್ ದುರಸ್ತಿ ಮಾಡಿಸಿದ ಅನ್ನುತ್ತಾರೆ. ಆದರೆ ನಾವು ಕೆರೆ ಕಟ್ಟಿದ್ದು ನೀರು ನಿಲ್ಲಿಸಿಕೊಳ್ಳಲು. ಅವರು ಒಡ್ಡು ಕಟ್ಟಿದ್ದು ನೀರನ್ನು ಹೊರಗಿಡಲು.

ಅಲ್ಲಿನ ಹೊಲಗಳಿಗೆ ಬೇಲಿಯಿಲ್ಲ. ಉದ್ದನೆಯ ಪಟ್ಟಿ ಪಟ್ಟಿ ಹೊಲ, ಪ್ರತಿ ಪಟ್ಟಿಯ ಎರಡೂ ಪಕ್ಕ ನೀರು ತುಂಬಿದ ಕಾಲುವೆ. ಅದನ್ನು ಸ್ಲೋಟ್ ಅನ್ನುತ್ತಾರೆ. ದನ ಅದನ್ನು ದಾಟುವುದಿಲ್ಲ, ಹಾಗಾಗಿ ಅದೇ ಬೇಲಿ. ನಾನು ಮೊದಲು ಇದು ನೀರುಣಿಸುವ ಕಾಲುವೆ ಅಂದುಕೊಂಡಿದ್ದೆ. ಗೆಳೆಯ ನಕ್ಕ. ಇದು ಹೊಲದಿಂದ ನೀರು ತೆಗೆಯುವ ಕಾಲುವೆ. ಸಣ್ಣ ಸ್ಲೋಟ್ ದೊಡ್ಡದಕ್ಕೆ ಸೇರುತ್ತದೆ, ದೊಡ್ಡದು ಪಂಪ್‌ಹೌಸಿಗೆ, ಪಂಪು ನೀರನ್ನು ಎತ್ತಿ ಒಡ್ಡಿನಾಚೆ ಹಾಕುತ್ತದೆ. ನೀರಿನ ಮಟ್ಟ ತೋರಿಸುವ ಅಳತೆಪಟ್ಟಿಗಳನ್ನು ಅಲ್ಲಲ್ಲಿ ನೀರಿನಲ್ಲಿ ನಿಲ್ಲಿಸಿದ್ದಾರೆ. ಯಾವ ತುಂಡಿನಲ್ಲಿ ನೀರು ಎಷ್ಟಿರಬೇಕು ಅಂತ ಮೊದಲೇ ಗೊತ್ತುಮಾಡಿರುತ್ತಾರೆ.

ನಾನು ಸೈಕಲ್ ನಿಲ್ಲಿಸಿ ಅಲ್ಲೇ ಕೂತೆ. ನಮ್ಮ ಕಡೆ ಹೊಲಕ್ಕೆ ನೀರು ತರಲು ಮುಖ್ಯ ಕಾಲುವೆ, ಶಾಖಾ ಕಾಲುವೆ, ವಿತರಣಾ ಕಾಲುವೆ, ಲ್ಯಾಟರಲ್, ಹೊಲಗಾಲುವೆ ಅಂತ ಐದು ಹೆಸರಿದೆ. ಹೊಲದಿಂದ ನೀರು ಹೊರಗೆ ಹೋಗಲು? ನನ್ನ ಹೊಲದ ಮಟ್ಟಿಗೆ ಒಂದೂ ಇಲ್ಲ. ಬರುವ ಬಾಗಿಲು ಇದೆ, ಹೋಗುವ ಬಾಗಿಲು ಇಲ್ಲ.

ಒಬ್ಬ ಹೈನುಗಾರ ಟ್ರ್ಯಾಕ್ಟರ್ ನಿಲ್ಲಿಸಿ ಮಾತಾಡಿದ. ಅವನಿಗೆ ಹರುಕು ಮುರುಕು ಇಂಗ್ಲಿಷು, ನನಗೂ ಅಷ್ಟೇ. ಉಳಿದಿದ್ದನ್ನು ಗೆಳೆಯ ತಿಳಿಸಿದ. ತನ್ನ ಪಾಲಿನ ಕಾಲುವೆಯ ಕಸ-ಕೆಸರು ಪ್ರತಿ ವರ್ಷ ಮಳೆಗಾಲದ ಚಳಿಗೆ ಮುಂಚೆ ಅವನೇ ತೆಗೆಯಬೇಕು. ತೆಗೆದಿದ್ದಾನೋ ಇಲ್ಲವೋ ಅಂತ ನೋಡಲು ಜನ ಬರುತ್ತಾರೆ. ಬರುವುದು ಸರ್ಕಾರದ ನೀರಾವರಿ ಇಲಾಖೆಯಿಂದಲ್ಲ, ನೀರು ಮಂಡಳಿಯಿಂದ. ವಾಟರ್‌ಸ್ಕಾಪ್ ಅನ್ನುವ ಈ ಮಂಡಳಿಗಳು ಇಡೀ ದೇಶದಲ್ಲಿ 21 ಇವೆ. ಇವುಗಳ ಮೂಲ 13ನೇ ಶತಮಾನದಷ್ಟು ಹಿಂದಕ್ಕೆ ಹೋಗುತ್ತದೆ. ಜನ ಓಟು ಹಾಕಿ ಆರಿಸುತ್ತಾರೆ, ಮಂಡಳಿ ತನ್ನದೇ ತೆರಿಗೆ ಹಾಕುತ್ತದೆ. ತೆರಿಗೆ ಜಾಸ್ತಿಯಾಯಿತು ಅಂತ ಅವನೂ ಬೈದ. ಬೈಯದ ರೈತ ಯಾವ ದೇಶದಲ್ಲೂ ಇಲ್ಲ.

ಅಲ್ಲಿಂದ ಮಾರ್ಕನ್. ಇದು ಮುಂಚೆ ದ್ವೀಪ, 1957ರಲ್ಲಿ ಒಡ್ಡಿನ ರಸ್ತೆ ಬಂತು. ಮರದ ಮನೆಗಳು, ಬಹಳಷ್ಟಕ್ಕೆ ಹಸಿರು ಬಣ್ಣ, ಕೆಲವು ದಿಬ್ಬದ ಮೇಲೆ, ಕೆಲವು ಕಂಬದ ಮೇಲೆ, ಪ್ರವಾಹ ಬಂದರೆ ನೀರು ಕೆಳಗೆ ಹಾಯಲಿ ಅಂತ. ದೋಣಿಯಲ್ಲಿ ಸೈಕಲ್ ಹಾಕಿಕೊಂಡು ಫೊಲೆಂಡಾಮ್‌ಗೆ ದಾಟಿದೆವು. ಅಲ್ಲಿ ಬಂದರಿನ ತುಂಬ ಪ್ರವಾಸಿಗರು, ಮೀನಿನ ಅಂಗಡಿ, ಹೊಗೆಯಲ್ಲಿ ಬೇಯಿಸಿದ ಹಾವುಮೀನು. ಗೆಳೆಯ ತಿಂದ, ನಾನು ವಾಸನೆ ಮಾತ್ರ ನೋಡಿದೆ. ಅಲ್ಲಿ ಹಳೇ ಫೋಟೋಗಳನ್ನು ನೋಡುವಾಗ ಒಂದು ವಿಷಯ ಕಾಡಿತು. ಈ ಊರುಗಳ ಮುಂದಿದ್ದದ್ದು ಕೆರೆಯಲ್ಲ, ಉಪ್ಪು ಸಮುದ್ರ. 1916ರ ಪ್ರವಾಹದ ನಂತರ ಸರ್ಕಾರ ಸಮುದ್ರದ ಬಾಯಿಗೇ 32 ಕಿಲೋಮೀಟರ್ ಒಡ್ಡು ಹಾಕಿತು. 1932ಕ್ಕೆ ಅದು ಮುಗಿದಾಗ ಒಳಗಿನ ನೀರು ನಿಧಾನಕ್ಕೆ ಸಿಹಿಯಾಯಿತು, ಹೆರಿಂಗ್ ಮೀನು ಹೋಯಿತು, ಅದನ್ನು ನಂಬಿದವರ ಕಸುಬೂ ಹೋಯಿತು. ಪರಿಹಾರಕ್ಕೆ 1925ರಲ್ಲೇ ಕಾಯ್ದೆ ಮಾಡಿದ್ದರಂತೆ. ನಾನು ಓದಿದ್ದು ಬಾಗಲಕೋಟೆಯಲ್ಲಿ. ಆಲಮಟ್ಟಿ ಹಿನ್ನೀರಿಗೆ ಅರ್ಧ ಊರು ಬಿಟ್ಟುಕೊಟ್ಟವರ ಮನೆಯಲ್ಲೇ ಬಾಡಿಗೆಗಿದ್ದೆ. ನಮ್ಮ ಹೊಲಕ್ಕೆ ಬರುವ ಕೃಷ್ಣೆಯ ನೀರಿಗೂ ಯಾರೋ ಬೆಲೆ ಕೊಟ್ಟಿದ್ದಾರೆ. ಅಂಥ ನೀರನ್ನು ಹೊಲದಲ್ಲಿ ಕೊಳೆ ಹಾಕಿ ನೆಲ ಕೆಡಿಸಿಕೊಂಡೆನಲ್ಲ ಅನ್ನಿಸಿತು.

ವಾಪಸ್ ಬರುವಾಗ ಎದುರುಗಾಳಿ. ಆ ಬಯಲಿನಲ್ಲಿ ಗುಡ್ಡ ಇಲ್ಲ, ಗಾಳಿಯೇ ಗುಡ್ಡ. ಜೋರು ಮೋಡ್‌ನಲ್ಲಿ ತುಳಿದು ತುಳಿದು ಊರು ಇನ್ನೂ ಏಳೆಂಟು ಕಿಲೋಮೀಟರ್ ಇರುವಾಗ ನನ್ನ ಬ್ಯಾಟರಿ ಸತ್ತಿತು. ಆಮೇಲೆ ಅದು ಇಪ್ಪತ್ತೈದು ಕಿಲೋ ಭಾರದ ಬರೀ ಸೈಕಲ್ಲು. ಯಾರಾದರೂ ಹೋದರೆ ನೆನಪಿಡಿ, ಹೋಗುವಾಗ ಗಾಳಿ ಬೆನ್ನಿಗಿದ್ದರೆ ಬರುವಾಗಿನ ಚಾರ್ಜ್ ಉಳಿಸಿಕೊಳ್ಳಿ.

ಅವರದ್ದನ್ನೇ ಕಾಪಿ ಹೊಡೆಯಿರಿ ಅಂತ ನಾನು ಹೇಳುತ್ತಿಲ್ಲ. ವಾಟರ್‌ಲ್ಯಾಂಡಿನದು ಪೀಟ್ ಮಣ್ಣು, ಕೊಳೆತ ಗಿಡ-ಗಂಟಿಯಿಂದಲೇ ಆದದ್ದು. ನೀರು ತೆಗೆದಷ್ಟೂ ಅದು ಗಾಳಿಗೆ ಒಡ್ಡಿಕೊಂಡು ಕರಗಿ ನೆಲವೇ ಕುಸಿಯುತ್ತಿದೆ. ಅದು ಈಗ ಅವರ ದೊಡ್ಡ ತಲೆನೋವು. ನಮ್ಮ ಕಷ್ಟ ಬೇರೆ. ಎರೆಮಣ್ಣಿನಲ್ಲಿ ನೀರು ಕೆಳಗೆ ಇಳಿಯುವುದು ನಿಧಾನ. ಮೇಲಿನವರು ವರ್ಷಕ್ಕೆರಡು ಭತ್ತ ಮಾಡಿದರೆ ಅದರ ಬಸಿನೀರು ತಗ್ಗಿನ ಹೊಲಕ್ಕೆ ಬಂದು ನಿಲ್ಲುತ್ತದೆ. ನಮ್ಮ ಕೃಷ್ಣಾ ಮೇಲ್ದಂಡೆ ಕಾಲುವೆಗಳನ್ನು ರೂಪಿಸಿದ್ದು ಮುಖ್ಯವಾಗಿ ಜೋಳ, ಶೇಂಗಾ, ಹತ್ತಿಯಂಥ ಅರೆನೀರಾವರಿ ಬೆಳೆಗೆ, ಬೆಳೆಯುತ್ತಿರುವುದು ಭತ್ತ. ಅಂತರ್ಜಲ ಐದಾರು ಅಡಿಯೊಳಗೆ ಬಂತೆಂದರೆ, ಚಿಮಣಿ ಬತ್ತಿ ಎಣ್ಣೆ ಎಳೆದಂತೆ ಬಿಸಿಲು ಆ ನೀರನ್ನು ಮೇಲಕ್ಕೆ ಎಳೆಯುತ್ತದೆ. ನೀರು ಆರುತ್ತದೆ, ಉಪ್ಪು ಮೇಲೆ ಉಳಿಯುತ್ತದೆ.

ಊರಿಗೆ ಬಂದು ನಾನು ಮೊದಲು ಮಾಡಿದ ಕೆಲಸಕ್ಕೆ ಐನೂರು ರೂಪಾಯಿ ಕೂಡ ಆಗಲಿಲ್ಲ. ಏಳು ಅಡಿ ಉದ್ದದ ಎರಡು ಇಂಚಿನ ಪಿವಿಸಿ ಪೈಪಿನ ಕೆಳಗಿನ ಅರ್ಧಕ್ಕೆ ತೂತು ಹಾಕಿ, ನೈಲಾನ್ ಬಲೆ ಸುತ್ತಿ, ಹೊಲದ ತಗ್ಗಿನಲ್ಲಿ ಹುಗಿದೆ. ಮೇಲೆ ಮುಚ್ಚಳ. ವಾರಕ್ಕೊಮ್ಮೆ ಕಡ್ಡಿ ಇಳಿಬಿಟ್ಟು ನೀರು ಎಷ್ಟು ಆಳದಲ್ಲಿದೆ ನೋಡಿ ಮೊಬೈಲಿನಲ್ಲಿ ಬರೆದಿಡುತ್ತೇನೆ. ಕಾಲುವೆ ಹರಿಯುವಾಗ ಎರಡೂವರೆ ಅಡಿ! ಪಪ್ಪಾಯಿ ಬೇರು ನೀರಲ್ಲೇ ನಿಂತಿತ್ತು.

ಎರಡನೆಯದು ಮಣ್ಣು ಪರೀಕ್ಷೆ. ಇಲ್ಲಿ ಒಂದು ಮಾತು. ನಮ್ಮ ಕಡೆ ಬಿಳಿ ಕಂಡ ಕೂಡಲೇ ಜಿಪ್ಸಂ ಸುರಿಯುತ್ತಾರೆ. ಜಿಪ್ಸಂ ಕೆಲಸ ಮಾಡುವುದು ಸೋಡಿಯಂ ಹೆಚ್ಚಾದ ಕ್ಷಾರ ಮಣ್ಣಿಗೆ, ಅಂದರೆ ಪಿಎಚ್ 8.5 ದಾಟಿ, ವಿನಿಮಯ ಸೋಡಿಯಂ ಶೇ 15ಕ್ಕಿಂತ ಜಾಸ್ತಿ ಇದ್ದರೆ. ಬರೀ ಲವಣದ ಮಣ್ಣಿಗೆ, ಅಂದರೆ ಇಸಿ 4 ದಾಟಿದ್ದು ಪಿಎಚ್ ಸರಿ ಇದ್ದರೆ, ಜಿಪ್ಸಂ ಹಾಕುವುದು ಉಪ್ಪಿಗೆ ಇನ್ನೊಂದು ಉಪ್ಪು ಸೇರಿಸಿದಂತೆ. ಅದಕ್ಕೆ ಬೇಕಾದದ್ದು ಒಳ್ಳೆ ನೀರಿನಿಂದ ತೊಳೆಯುವುದು, ತೊಳೆದ ನೀರು ಹೊರಹೋಗಲು ದಾರಿ. ಇನ್ನೊಂದು, ಆ 4 ಅನ್ನುವ ಅಂಕಿ ಮಣ್ಣನ್ನು ನೀರಿನಲ್ಲಿ ಪೂರ್ತಿ ನೆನೆಸಿ ತೆಗೆದ ರಸದ್ದು. ಲ್ಯಾಬಿನವರು 1:2.5 ದ್ರಾವಣದಲ್ಲಿ ಅಳೆದಿದ್ದರೆ ಅದೇ ಮಣ್ಣಿಗೆ ಅಂಕಿ ಕಡಿಮೆ ಬರುತ್ತದೆ. ಯಾವ ಪದ್ಧತಿ ಅಂತ ಕೇಳಿ ತಿಳಿದುಕೊಳ್ಳಿ, ಕಡಿಮೆ ಇದೆಯಲ್ಲ ಅಂತ ಮೋಸ ಹೋಗಬೇಡಿ.

ನೆಲದೊಳಗೆ ಸುಮಾರು ಒಂದು ಮೀಟರ್ ಆಳದಲ್ಲಿ ತೂತಿನ ಪೈಪ್ ಹಾಕಿ ನೀರು ಬಸಿಯುವ ವಿಧಾನವನ್ನು ನೋಡಬೇಕೆಂದರೆ ಹಾಲೆಂಡಿಗೆ ಹೋಗಬೇಕಿಲ್ಲ, ಗಂಗಾವತಿ ಕೃಷಿ ಸಂಶೋಧನಾ ಕೇಂದ್ರ ಸಾಕು. 1990ರ ದಶಕದಲ್ಲೇ ಹಾಲೆಂಡಿನವರ ಜೊತೆ ಸೇರಿ ಸವಳು-ಜವಳಿನ ಮೇಲೆ ನಡೆದ ಯೋಜನೆಯಲ್ಲಿ ಗಂಗಾವತಿಯೂ ಒಂದು ಕೇಂದ್ರ. ಇದು ನನಗೆ ಗೊತ್ತಾಗಿದ್ದು ವಾಗೆನಿಂಗನ್‌ನ ಲೈಬ್ರರಿಯಲ್ಲಿ. ನಗು ಬಂತು, ಸ್ವಲ್ಪ ನಾಚಿಕೆಯೂ ಆಯಿತು.

ಆಮೇಲೆ ಅಣ್ಣನ ಮಗನ ಸೈಕಲ್ ತೆಗೆದುಕೊಂಡೆ. ನಮ್ಮಲ್ಲಿ ಬಾಡಿಗೆ ಬ್ಯಾಟರಿ ಸೈಕಲ್ ಎಲ್ಲಿ ಸಿಗಬೇಕು? ನನ್ನ ಹೊಲದ ತಗ್ಗಿನಿಂದ ಹಳ್ಳದವರೆಗೆ ನೀರು ಹೋಗಬೇಕಾದ ದಾರಿ ಹಿಡಿದು, ಮೊಬೈಲಿನಲ್ಲಿ ಜಿಪಿಎಸ್ ಹಾಕಿ, ತುಳಿಯಲಾಗದ ಕಡೆ ತಳ್ಳಿಕೊಂಡು ಹೋದೆ. ಕಟ್ಟಿದ ಕಡೆಯೆಲ್ಲ ಫೋಟೋ ತೆಗೆದೆ. ಬಂಡಿದಾರಿ ಕೆಳಗಿನ ಸಿಮೆಂಟ್ ಪೈಪಿನಲ್ಲಿ ಮಣ್ಣು. ಎರಡು ಕಡೆ ಹಳೇ ಬಸಿಗಾಲುವೆಯನ್ನೇ ಮುಚ್ಚಿ ಹೊಲ ಮಾಡಿಕೊಂಡಿದ್ದಾರೆ. ಮುಂದೆ ಆಪು ಹುಲ್ಲು, ಬಳ್ಳಾರಿ ಜಾಲಿ. ಬೈಕಿನಲ್ಲಿ ಇದೇ ದಾರಿಯ ಪಕ್ಕ ನೂರು ಸಲ ಹೋಗಿದ್ದೇನೆ, ಒಂದೂ ಕಂಡಿರಲಿಲ್ಲ.

ಫೋಟೋ ಎಲ್ಲ ಸುತ್ತಲಿನ ಐದು ಹೊಲದವರಿಗೆ ವಾಟ್ಸಾಪ್ ಮಾಡಿದೆ. ಯಾಕೆಂದರೆ ಬಸಿಗಾಲುವೆ ಒಬ್ಬನ ಹೊಲದಲ್ಲಿ ಶುರುವಾದರೂ ಒಬ್ಬನ ಹೊಲದಲ್ಲಿ ಮುಗಿಯುವುದಿಲ್ಲ. ನಾಲ್ವರು ಬೇಸಿಗೆಯಲ್ಲಿ ಜೆಸಿಬಿಗೆ ದುಡ್ಡು ಹಾಕಲು ಒಪ್ಪಿದ್ದಾರೆ. ಕೊನೇ ಹೊಲದ ಕಾಕಾ ಒಪ್ಪಿಲ್ಲ. "ನಿಮ್ಮ ಹೊಲದ ಉಪ್ಪನೀರು ನನ್ನ ಹೊಲದಾಗ ಯಾಕ ಹಾಯಿಸ್ಬೇಕೋ ತಮ್ಮಾ?" ಅನ್ನುತ್ತಾರೆ. ತಪ್ಪು ಅನ್ನಲಾರೆ. ಅವರ ಬದುವಿನ ಪಕ್ಕದಲ್ಲೇ ಆಳದ ಕಾಲುವೆ ತೆಗೆದರೆ ಅವರ ಹೊಲದ ನೀರೂ ಬಸಿಯುತ್ತದೆ ಅಂತ ಹೇಳಿದ್ದೇನೆ, ಆದರೆ ಬಾಯಿಮಾತಿಗೆ ಅವರು ಬಗ್ಗುವವರಲ್ಲ. ಅವರ ಇನ್ನೊಂದು ಪ್ರಶ್ನೆ ನನ್ನದೂ ಹೌದು. ಈ ನೀರು ಹಳ್ಳಕ್ಕೆ ಮಾತ್ರ ಹೋಗಬೇಕು, ಕೆರೆಗೆ ಸೇರಬಾರದು. ಕೆರೆಯಲ್ಲಿ ಮೀನಿದೆ, ಚಳಿಗಾಲಕ್ಕೆ ಪಟ್ಟೆತಲೆ ಬಾತು ಬರುತ್ತವೆ.

ಹೋದ ವಾರ ಕಾಕಾನ ಹೊಲದಲ್ಲೂ ಒಂದು ಪೈಪ್ ಹುಗಿದು ಬಂದೆ, ಅದಕ್ಕೆ ಮಾತ್ರ ಬೇಡ ಅನ್ನಲಿಲ್ಲ. ಮೊನ್ನೆ ಸಂಜೆ ಅವರೇ ಫೋನ್ ಮಾಡಿದ್ದರು. "ಮೂರು ಅಡಿಗೇ ನೀರ ಅದಾವಲ್ಲೋ," ಅಂದರು. ಭಾನುವಾರ ಬೆಳಿಗ್ಗೆ ಇಬ್ಬರೂ ಹಳ್ಳದವರೆಗೆ ನಡೆದು ನೋಡಿ ಬರೋಣ ಅಂತ ಆಗಿದೆ.