ಬೇಸಾಯದ ಭೂಮಿಯ ಬಳಕೆ ಬದಲಾವಣೆ: ರೈತರು ತಿಳಿದಿರಬೇಕಾದ ಮೂರು ಘಟ್ಟಗಳು

ಬಿತ್ತನೆಗೆ ಮುಂಚೆ ಮಣ್ಣು ಪರೀಕ್ಷೆ ಮಾಡಿಸಬೇಕೆಂಬುದು ಬಹುತೇಕ ರೈತರಿಗೆ ತಿಳಿದ ವಿಷಯ. ಆದರೆ ಅದೇ ಭೂಮಿ ಮುಂದೆ ಬೇಸಾಯಕ್ಕೆ ಉಳಿಯುವುದೋ, ನಿವೇಶನಗಳಾಗುವುದೋ, ಕಾರ್ಖಾನೆಗೆ ಹೋಗುವುದೋ ಎಂಬುದು ಹೇಗೆ ತೀರ್ಮಾನವಾಗುತ್ತದೆಂದು ಬಲ್ಲವರು ಕಡಿಮೆ. ಪಟ್ಟಣಗಳ ಆಸುಪಾಸಿನ ಹಳ್ಳಿಗಳಲ್ಲಿ ಈ ತಿಳಿವಳಿಕೆ ಅತ್ಯಗತ್ಯ. ಒಂದು ಅಂಗುಲ ಮೇಲ್ಮಣ್ಣು ಸ್ವಾಭಾವಿಕವಾಗಿ ಉಂಟಾಗಲು ನೂರಾರು ವರ್ಷಗಳು ಹಿಡಿಯುತ್ತವೆ. ಅದನ್ನು ಕೆತ್ತಿ ಜಲ್ಲಿ ಹಾಸಿದ ಮೇಲೆ ಯಾವ ಗೊಬ್ಬರದಿಂದಲೂ ಮರಳಿ ಪಡೆಯಲಾಗದು.

ನಮ್ಮ ರಾಜ್ಯದಲ್ಲಿ ಈ ತೀರ್ಮಾನಗಳು ಮುಖ್ಯವಾಗಿ ಮೂರು ಘಟ್ಟಗಳಲ್ಲಿ ನಡೆಯುತ್ತವೆ.

1. ಮಹಾಯೋಜನೆ

ಯೋಜನಾ ಪ್ರಾಧಿಕಾರದ ವ್ಯಾಪ್ತಿಗೆ ಸೇರಿದ ಹಳ್ಳಿಗಳಿಗೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಂತೆ ಮಹಾಯೋಜನೆ ತಯಾರಾಗುತ್ತದೆ. ಜನರು ಇದನ್ನು ಮಾಸ್ಟರ್ ಪ್ಲಾನ್ ಎನ್ನುತ್ತಾರೆ. ವಸತಿ, ವಾಣಿಜ್ಯ, ಕೈಗಾರಿಕೆ, ಕೃಷಿ ಹೀಗೆ ವಲಯಗಳನ್ನು ನಕ್ಷೆಯಲ್ಲಿ ಬೇರೆ ಬೇರೆ ಬಣ್ಣಗಳಿಂದ ಗುರುತಿಸಿರುತ್ತಾರೆ. ನಿಮ್ಮ ಸರ್ವೆ ನಂಬರು ಯಾವ ಬಣ್ಣದಲ್ಲಿದೆ ಎಂಬುದರ ಮೇಲೆ ಅದರ ಬಳಕೆಯೂ ಬೆಲೆಯೂ ನಿಲ್ಲುತ್ತವೆ. ಕರಡು ಪ್ರಕಟವಾದ ಬಳಿಕ ಸಾರ್ವಜನಿಕರ ಅಭಿಪ್ರಾಯ, ಆಕ್ಷೇಪಣೆಗಳಿಗೆ 60 ದಿನಗಳ ಅವಕಾಶವಿರುತ್ತದೆ. ಕೆರೆ ಅಚ್ಚುಕಟ್ಟಿನ ಗದ್ದೆಯನ್ನು ವಸತಿ ವಲಯಕ್ಕೆ ಸೇರಿಸಿದ್ದರೆ ಹೇಳಬೇಕಾದದ್ದು ಆಗಲೇ.

2. ಭೂಪರಿವರ್ತನೆ

1964ರ ಕರ್ನಾಟಕ ಭೂಕಂದಾಯ ಕಾಯಿದೆಯ 95ನೇ ಪ್ರಕರಣವು ವ್ಯವಸಾಯದ ಜಮೀನನ್ನು ಬೇರೆ ಕಾರ್ಯಕ್ಕೆ ಬಳಸುವ ಬಗೆಗಿನದು. ಇದಕ್ಕೆ ಸಾಮಾನ್ಯವಾಗಿ ಜಿಲ್ಲಾಧಿಕಾರಿಗಳ ಅನುಮತಿ ಬೇಕು. ಬಾವಿ ತೋಡುವುದು, ಬೇಸಾಯಕ್ಕೆ ಬೇಕಾದ ಕಟ್ಟಡ ಕಟ್ಟಿಕೊಳ್ಳುವುದು ಪರಿವರ್ತನೆ ಎನಿಸುವುದಿಲ್ಲ. ಅನುಮತಿಯಿಲ್ಲದೆ ನಿವೇಶನ ವಿಂಗಡಿಸಿದರೆ ದಂಡಕ್ಕೆ ಗುರಿಯಾಗಬೇಕಾಗುತ್ತದೆ. ಗ್ರಾಮ ಪಂಚಾಯಿತಿ ಕೊಡುವ ಕಟ್ಟಡ ಪರವಾನಗಿಯು ಈ ಅನುಮತಿಗೆ ಬದಲಿಯಲ್ಲ.

2020ರಲ್ಲಿ ಭೂಸುಧಾರಣಾ ಕಾಯಿದೆಯ 79ಎ ಮತ್ತು 79ಬಿ ಪ್ರಕರಣಗಳನ್ನು ತೆಗೆದುಹಾಕಿದ್ದರಿಂದ ರೈತರಲ್ಲದವರೂ ಕೃಷಿಭೂಮಿ ಕೊಳ್ಳಬಹುದಾಯಿತು. ಆದರೆ ಕೊಂಡ ಮಾತ್ರಕ್ಕೆ ಬಳಕೆ ಬದಲಿಸುವ ಹಕ್ಕು ಬಾರದು. ಪಕ್ಕದ ಹೊಲದ ಬಡಾವಣೆಯಿಂದ ನಿಮ್ಮ ಬಂಡಿದಾರಿ ಇಲ್ಲವೆ ಕಾಲುವೆ ಮುಚ್ಚುವಂತಿದ್ದರೆ ತಹಸೀಲ್ದಾರರಿಗೆ ಲಿಖಿತವಾಗಿ ತಿಳಿಸಿರಿ.

3. ಕೈಗಾರಿಕೆಗಾಗಿ ಭೂಸ್ವಾಧೀನ

1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆಯಂತೆ ಮೊದಲು ಪ್ರಾಥಮಿಕ ಅಧಿಸೂಚನೆ ಹೊರಡುತ್ತದೆ. ನೋಟಿಸು ತಲುಪಿದ 30 ದಿನಗಳೊಳಗೆ ತಕರಾರು ಸಲ್ಲಿಸಬೇಕು. ವಿಚಾರಣೆಯ ನಂತರ ಅಂತಿಮ ಅಧಿಸೂಚನೆ ಪ್ರಕಟವಾದರೆ ಜಮೀನು ಸರ್ಕಾರಕ್ಕೆ ಸೇರಿಹೋಗುತ್ತದೆ. ಅಲ್ಲಿಂದ ಮುಂದಿನ ಹಾದಿ ಬಹಳ ಕಠಿಣ.

ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಭೂಮಿಯ ಸಂಗತಿ ಇದಕ್ಕೆ ಸಾಕ್ಷಿ. ಅಲ್ಲಿನ ರೈತರು 2022ರ ಏಪ್ರಿಲ್‌ನಲ್ಲಿ ಧರಣಿ ಹೂಡಿದರು. ಸರ್ಕಾರ ಸ್ವಾಧೀನವನ್ನು ಕೈಬಿಡುವುದಾಗಿ ಸಾರಿದ್ದು 2025ರ ಜುಲೈ 15ರಂದು. ತಮ್ಮ ಬೆಳೆಭೂಮಿಯನ್ನು ಉಳಿಸಿಕೊಳ್ಳಲು ಅವರು ಮೂರು ವರ್ಷಕ್ಕೂ ಹೆಚ್ಚು ಕಾಲ ಕುಳಿತಿರಬೇಕಾಯಿತು.

ರೈತರು ಮಾಡಬೇಕಾದದ್ದು

ಕೈಗಾರಿಕೆಯೂ ವಸತಿಯೂ ಬೇಕು. ಎಲ್ಲಿ ಎಂಬುದೇ ಪ್ರಶ್ನೆ. ಅದಕ್ಕೆ ಉತ್ತರ ಹೇಳಲು ನಿಮ್ಮ ಕೈಯಲ್ಲಿ ದಾಖಲೆಗಳಿರಬೇಕು.

- ಪಹಣಿಯಲ್ಲಿ ಬೆಳೆ ಮತ್ತು ನೀರಾವರಿಯ ವಿವರ ಸರಿಯಾಗಿದೆಯೇ ಎಂದು ಪ್ರತಿ ವರ್ಷ ನೋಡಿಕೊಳ್ಳಿರಿ. ದ್ರಾಕ್ಷಿ ತೋಟವಿರುವಲ್ಲಿ ರಾಗಿ ಎಂದು ದಾಖಲಾಗಿದ್ದರೆ ತಕರಾರೂ ಸಡಿಲ, ಪರಿಹಾರವೂ ಕಡಿಮೆ.
- ಖಾತೆ ತೀರಿಹೋದ ಹಿರಿಯರ ಹೆಸರಿನಲ್ಲೇ ಇದ್ದರೆ ಪೌತಿ ಖಾತೆ ಮಾಡಿಸಿರಿ. ನೋಟಿಸು ಹೊರಡುವುದು ದಾಖಲೆಯಲ್ಲಿರುವ ಹೆಸರಿಗೆ.
- ಮರ, ಕೊಳವೆಬಾವಿ, ಹನಿ ನೀರಾವರಿ ಇವುಗಳ ಪಟ್ಟಿಯನ್ನೂ ಮಣ್ಣು ಪರೀಕ್ಷೆಯ ವರದಿಯನ್ನೂ ಜೋಪಾನವಾಗಿಡಿ.
- ಆಕ್ಷೇಪಣೆಯನ್ನು ಬಾಯಿಮಾತಿನಲ್ಲಿ ಹೇಳದೆ ಬರವಣಿಗೆಯಲ್ಲಿ ಕೊಟ್ಟು, ಸ್ವೀಕೃತಿ ಪಡೆಯಿರಿ.

ವಿಸ್ತರಣಾ ಕಾರ್ಯಕರ್ತರು ತಮ್ಮ ಹಳ್ಳಿಗಳ ವಲಯ ನಕ್ಷೆಯನ್ನು ತಂದು ಗ್ರಾಮಸಭೆಯಲ್ಲಿ ತೋರಿಸಿದರೆ ದೊಡ್ಡ ಉಪಕಾರವಾಗುತ್ತದೆ. ಹದ ತಪ್ಪಿದರೆ ಬಿತ್ತನೆ ಕೆಡುವಂತೆ ಗಡುವು ತಪ್ಪಿದರೆ ತಕರಾರು ಕೆಡುತ್ತದೆ.